ನೆಲ ಒರೆಸಿ ಜಾಗ ಕೊಟ್ಟ ಕೈ

ಯಾರಿಗಾದರೂ ಹೇಳಿಕೊಳ್ಳದೆ ಇರಲಾರೆ. ಹಗಲು ಹೊತ್ತು ಮನೆಯಲ್ಲಿ ಕೇಳುವವರಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸು ದಾಟದ ಕೈ ಇದು. ಒಂದು ಹಾಳೆ ತುಂಬಲು ಒಂದು ಮಧ್ಯಾಹ್ನ ಹಿಡಿಯುತ್ತದೆ. ಒತ್ತಕ್ಷರ ತಪ್ಪಿದ್ದನ್ನು ಮೊಮ್ಮಗಳು ತಿದ್ದಿಕೊಡುತ್ತಾಳೆ, ಮಿಕ್ಕದ್ದನ್ನು ಮುಟ್ಟುವುದಿಲ್ಲ ಎಂದು ಅವಳ ಹತ್ತಿರ ಆಣೆ ಹಾಕಿಸಿಕೊಂಡಿದ್ದೇನೆ.

ಹೇಳಬೇಕಾದ ಸಂಗತಿ ಇಷ್ಟು. ಹೋದ ಮಂಗಳವಾರ ಮಧುಗಿರಿಯ ಡಯಾಲಿಸಿಸ್ ರೂಮಿನಲ್ಲಿ ನಾನು ನಾಲ್ಕು ಗಂಟೆ ಮಲಗಿದ್ದೆ. ಪೂರ್ತಿ ನಾಲ್ಕು ಗಂಟೆ. ಕೂಗಲಿಲ್ಲ, ಬಿಚ್ಚಿ ಎನ್ನಲಿಲ್ಲ, ಎದ್ದು ಓಡಲಿಲ್ಲ. ಹಾಗೆ ಮಲಗಿಸಿದವಳು ನನ್ನ ಮಗಳ ಮಗಳು. ನಿದ್ದೆ ಮಾತ್ರೆ ಕೊಟ್ಟಲ್ಲ, ತಾಯತ ಕಟ್ಟಿಯೂ ಅಲ್ಲ. ನಾನು ಕೂರಲು ಒಂದು ಜಗಲಿ ಕಟ್ಟಿಕೊಟ್ಟು. ಇಟ್ಟಿಗೆ ಇಲ್ಲ, ಮಣ್ಣಿಲ್ಲ, ಕಣ್ಣಿಗೆ ಕಟ್ಟುವ ಡಬ್ಬದೊಳಗೆ ಜಗಲಿ! ನೆನೆಸಿಕೊಂಡರೆ ಈಗಲೂ ಒಬ್ಬಳೇ ನಗುತ್ತೇನೆ. ಗೋಡೆಯ ಮೇಲಿನ ಹಲ್ಲಿ ಏನಂದುಕೊಳ್ಳುತ್ತದೋ.

ನನ್ನ ಕಿಡ್ನಿಗಳು ಕೆಲಸ ಬಿಟ್ಟು ವರ್ಷದ ಮೇಲಾಯಿತು. ಮಂಗಳವಾರ, ಶುಕ್ರವಾರ ಐ.ಡಿ.ಹಳ್ಳಿ ಕಡೆಯಿಂದ ಬಸ್ಸು ಹತ್ತಿ ಮಧುಗಿರಿಗೆ ಹೋಗಬೇಕು. ಎಡಗೈಯ ನರಗಳನ್ನು ಒಂದಕ್ಕೊಂದು ಕೂಡಿಸಿ ಹೊಲಿದಿದ್ದಾರೆ. ಅಲ್ಲಿಗೆ ಕಿವಿ ಇಟ್ಟರೆ ದುಂಬಿ ಗುಂಯ್ ಎಂದಂತೆ ಕೇಳಿಸುತ್ತದೆ. ಆ ಜಾಗದಲ್ಲಿ ಎರಡು ಸೂಜಿ ಚುಚ್ಚಿ, ರಕ್ತವನ್ನು ಹೊರಗೆಳೆದು, ಮಿಷನ್ನಿನಲ್ಲಿ ತೊಳೆದು, ಮತ್ತೆ ಒಳಗೆ ಬಿಡುತ್ತಾರೆ. ಅಷ್ಟು ಹೊತ್ತೂ ಎಡಗೈ ಅಲ್ಲಾಡಬಾರದು. ಮಗ ವಳ್ಳೂರಿನ ಕಡೆ ಸೋಲಾರ್ ಪ್ಲೇಟು ತೊಳೆಯುವ ಕೆಲಸಕ್ಕೆ ಹೊತ್ತಾರೆಯೇ ಬೈಕಿನಲ್ಲಿ ಹೊರಡುತ್ತಾನೆ. ಸೊಸೆ ಅಂಗನವಾಡಿಯಲ್ಲಿ ಸಹಾಯಕಿ. ಇಬ್ಬರೂ ಒಳ್ಳೆಯವರೇ. ವಾರಕ್ಕೆರಡು ದಿನ ರಜಾ ಹಾಕಿ ನನ್ನ ಜೊತೆ ಬಾ ಎಂದು ಯಾವ ಬಾಯಲ್ಲಿ ಹೇಳಲಿ? ಒಂದು ಟಿಫನ್ ಬಾಕ್ಸು, ಒಂದು ದುಪ್ಪಟಿ ಚೀಲದಲ್ಲಿಟ್ಟುಕೊಂಡು ಒಬ್ಬಳೇ ಹೋಗುತ್ತೇನೆ, ಒಬ್ಬಳೇ ಬರುತ್ತೇನೆ.

ಸೂಜಿಗೆ ಹೆದರಿದವಳಲ್ಲ ನಾನು. ಜಾಲಿಮುಳ್ಳು ತುಳಿದು ಬೆಳೆದ ಕಾಲು. ಹೆದರಿಕೆ ಬೇರೆ ಕಡೆಯಿಂದ ಬರುತ್ತಿತ್ತು. ಆ ರೂಮಿನಲ್ಲಿ ಮಂಚ ಮಂಚಕ್ಕೂ ನಡುವೆ ಹಸಿರು ಪರದೆ. ಎಲ್ಲರೂ ಮಲಗಿ ಮೇಲಿನ ಫ್ಯಾನು ನೋಡುತ್ತಾರೆ. ಮಾತಿಲ್ಲ. ಮಿಷನ್ನು ಶುರುವಾಗಿ ಒಂದೂವರೆ ಗಂಟೆ ಕಳೆಯುವ ಹೊತ್ತಿಗೆ ನನಗೆ, ಗೂಟಕ್ಕೆ ಕಟ್ಟಿ ಮರೆತು ಹೋದ ಎಮ್ಮೆ ನಾನು ಅನ್ನಿಸಲು ಶುರುವಾಗುತ್ತಿತ್ತು. ಈಗ ಉಸಿರು ನಿಂತರೆ ಯಾರಿಗೆ ಗೊತ್ತಾಗುತ್ತದೆ? ಈ ಮಾತು ತಲೆಗೆ ಬಂತೆಂದರೆ ಮುಗಿಯಿತು. ಎದೆ ಡವಡವ, ಮೈಯೆಲ್ಲ ಬೆವರು. "ಬಿಚ್ರವ್ವ, ಬಿಚ್ಚಿ, ನಾನು ಓಯ್ತೀನಿ" ಎಂದು ಕೂಗಿಬಿಡುತ್ತಿದ್ದೆ. ಸಿಸ್ಟರು ಓಡಿಬಂದು ಸಮಾಧಾನ ಹೇಳಿ ಹೇಳಿ ಸಾಕಾಗಿ, ಕೊನೆಗೆ ಅರ್ಧಕ್ಕೇ ಬಿಚ್ಚುತ್ತಿದ್ದರು. ಪರದೆಯ ಆಚೆಯ ಮಂಚದಲ್ಲಿ ಪಾವಗಡ ಕಡೆಯ ಮುದುಕನೊಬ್ಬ ಮಲಗುತ್ತಿದ್ದ. ಮಧುಗಿರಿಯ ಮಗಳ ಮನೆಯಲ್ಲಿದ್ದುಕೊಂಡು ಬರುವವನು. ಮಾತಿಗೆ ಮುಂಚೆ ತೆಲುಗು. ನನ್ನ ಅವನ ಒಡನಾಟ ಏನಿದ್ದರೂ ಬೈಗುಳದ್ದು.

"ಅಮ್ಮೋ, ನೀ ಅರಿಚೋದಕ್ಕೆ ನನ್ ಬಿಪಿ ಏರ್ತೈತೆ. ನೋರು ಮುಯ್ಯಮ್ಮೋ, ಬಾಯ್ ಮುಚ್ಚು!"

"ಏರ್ಲಿ ಬುಡು, ಇಳ್ಸಕ್ಕೆ ಮಾತ್ರೆ ಐತಲ್ಲ ನಿಂಗೆ."

ಡಾಕ್ಟರು ಒಂದು ದಿನ ನನ್ನ ಮಂಚದ ತುದಿಯಲ್ಲಿ ನಿಂತು ಮೆಲ್ಲಗೆ ಹೇಳಿದರು. "ಅಜ್ಜಿ, ಪ್ರತಿ ಸಲ ಅರ್ಧಕ್ಕೇ ಎದ್ದು ಹೋದ್ರೆ ನೀರು ಎದೆಗೆ ಸೇರ್ಕೊಳ್ಳುತ್ತೆ. ಹಿಂಗೇ ಆದ್ರೆ ಜಾಸ್ತಿ ದಿನ ನಡೆಯಲ್ಲ." ನನಗೆ ತಿಳಿಯಿತು. ನಾಲ್ಕು ಗಂಟೆ ಮಲಗಬಲ್ಲೆನಾದರೆ ಬದುಕು, ಇಲ್ಲವಾದರೆ ಇಲ್ಲ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಮೊಮ್ಮಗಳು ಫೋನು ಮಾಡಿದಾಗ ಮಾತ್ರ, ಹೆಂಗಿದೀಯ ಅಜ್ಜಿ ಎಂದಳಲ್ಲ, ಬಾಯಿಂದ ಜಾರಿಬಿಟ್ಟಿತು.

ಅವಳು ತುಮಕೂರಿನಲ್ಲಿ ಒಂದು ರೂಮಿನಲ್ಲಿ ಇನ್ನೂ ಮೂರು ಜನರ ಜೊತೆ ಕೆಲಸ ಮಾಡುತ್ತಾಳೆ. ಹೆದರಿದವರಿಗೆ ಧೈರ್ಯ ಬರುವಂಥ ಜಾಗಗಳನ್ನು ಕಟ್ಟುವುದು ಅವಳ ಕೆಲಸ. ಇಂಜೆಕ್ಷನ್ನಿಗೆ ಹೆದರುವ ಮಕ್ಕಳಿಗೆ, ಸ್ಕ್ಯಾನಿಂಗ್ ಮಿಷನ್ನಿನ ಗೂಡಿನೊಳಗೆ ಹೋಗಲು ಹೆದರುವ ದೊಡ್ಡವರಿಗೆ. ಡಬ್ಬವನ್ನು ಕಣ್ಣಿಗೆ ಕಟ್ಟಿಕೊಂಡರೆ ಆಸ್ಪತ್ರೆ ಮಾಯ. ಎಲ್ಲೋ ಇರುತ್ತೀರಿ, ತಲೆ ತಿರುಗಿಸಿದ ಕಡೆಯೆಲ್ಲ ಆ ಎಲ್ಲೋ ಇರುತ್ತದೆ. ವಿ.ಆರ್. ಅನ್ನುತ್ತಾರೆ ಅದಕ್ಕೆ. ಫೋನಿನಲ್ಲಿ ಮಾತಾಡಿದ ವಾರದ ಭಾನುವಾರವೇ ಆ ಡಬ್ಬ ಹೊತ್ತುಕೊಂಡು ನಮ್ಮೂರಿಗೆ ಬಂದಳು. ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ ಕಟ್ಟಿದಳು.

ಕಣ್ಣು ಬಿಟ್ಟರೆ ಸಮುದ್ರ.

"ಅಲೆ ಸದ್ದು ಕೇಳ್ತಾ ಅಜ್ಜಿ? ಉಸಿರು ನಿಧಾನಕ್ಕೆ ಬಿಡು."

"ಯಾರೂ ಇಲ್ವಲ್ಲೇ ಇಲ್ಲಿ."

"ಅದಕ್ಕೇ ಅಜ್ಜಿ ಪ್ರಶಾಂತವಾಗಿರೋದು."

"ಇಷ್ಟೊಂದು ನೀರು ಬುಟ್ಟು ಜನ ಎಲ್ಲೋದ್ರು? ಏನೋ ಆಗೈತೆ ಕಣೇ ಈ ಊರಿಗೆ. ತಗಿ, ತಗಿಯೇ ಇದನ್ನ!"

ನಮ್ಮ ಸೀಮೆಯಲ್ಲಿ ಒಂದು ನಲ್ಲಿಯಲ್ಲಿ ನೀರು ಬಂದರೆ ಇಪ್ಪತ್ತು ಬಿಂದಿಗೆ ಸಾಲು ನಿಲ್ಲುತ್ತವೆ. ನೀರಿದ್ದೂ ಜನ ಇಲ್ಲವೆಂದರೆ ಅಲ್ಲಿ ರೋಗವೋ ರುಜಿನವೋ ಬಿದ್ದಿರಬೇಕು. ಡಬ್ಬ ಬಿಚ್ಚಿ ಅವಳ ಕೈಗೆ ಕೊಟ್ಟೆ. ಅವಳು ನಗದೆ ಪುಸ್ತಕ ತೆಗೆದು ಬರೆದುಕೊಂಡಳು.

"ಬರ್ಕೊಳ್ಳೋಂಥದ್ದು ಏನೈತೆ ಅದ್ರಾಗೆ?"

"ನೀನು ಎಲ್ಲಿ ಹೆದರಿದೆ ಅನ್ನೋದೇ ನಂಗೆ ಬೇಕಾಗಿರೋದು. ಸರಿ, ಸಮುದ್ರ ಬೇಡ. ನಿಂಗೆ ಮನಸ್ಸು ಹಗುರ ಆಗ್ತಿದ್ದಿದ್ದು ಎಲ್ಲಿ ಕೂತಾಗ ಹೇಳು."

ಅರವತ್ತೊಂಬತ್ತು ವರ್ಷದಲ್ಲಿ ನನ್ನನ್ನು ಯಾರೂ ಕೇಳದಿದ್ದ ಮಾತು. ಬಹಳ ಹೊತ್ತು ಯೋಚಿಸಿದೆ. ದೇವಸ್ಥಾನ ಅನ್ನಲೇ ಅಂದುಕೊಂಡೆ, ಬಾಯಿಗೆ ಬರಲಿಲ್ಲ. "ಬಿತ್ತನೆ ಕಡ್ಲೇಕಾಯಿ ಸುಲಿಯೋವಾಗ" ಅಂದೆ.

ಮುಂಗಾರಿಗೆ ಮುಂಚೆ ಬಿತ್ತನೆ ಬೀಜವನ್ನು ಕೈಯಲ್ಲೇ ಸುಲಿಯುತ್ತಿದ್ದೆವು. ಬೀಜ ಹೋಳಾಗಬಾರದು, ಮೇಲಿನ ಕೆಂಪು ಸಿಪ್ಪೆ ಕಳಚಬಾರದು, ಕಳಚಿದರೆ ಹುಟ್ಟುವುದಿಲ್ಲ. ಇವತ್ತು ಒಬ್ಬರ ಜಗಲಿ, ನಾಳೆ ಇನ್ನೊಬ್ಬರದು, ನಮ್ಮ ಕೇರಿಯ ಹೆಂಗಸರೆಲ್ಲ ಒಬ್ಬರಿಗೊಬ್ಬರು ಆಗುತ್ತಿದ್ದೆವು. ಮುಂದೆ ಮೊರ. ಕಾಯಿಗೆ ಒಂಚೂರು ನೀರು ಚಿಮುಕಿಸಿ ಮೂತಿ ಹಿಡಿದು ಒತ್ತಿದರೆ ಚಟ್. ಹತ್ತು ಜನ ಕೂತರೆ ಒಣ ಪುಳ್ಳೆಗೆ ಬೆಂಕಿ ಹತ್ತಿದ ಸದ್ದು. ಮಾತಾಡಿದರೂ ಸೈ, ಸುಮ್ಮನಿದ್ದರೂ ಸೈ. ಗಂಡ ತೀರಿಕೊಂಡು ತಿಂಗಳಾಗಿರಲಿಲ್ಲ, ನಾನು ಮೊರ ಹಿಡಿದುಕೊಂಡು ಹೋಗಿದ್ದೆ. ಯಾರೂ ಏನೂ ಕೇಳಲಿಲ್ಲ. ಸಂಜೆತನಕ ಸುಲಿದೆ. ಅವತ್ತು ರಾತ್ರಿ ಮುದ್ದೆ ಗಂಟಲಲ್ಲಿ ಇಳಿಯಿತು.

"ನಿಮ್ಮಮ್ಮ ಕೂಸಾಗಿದ್ದಾಗ ಎಡತೋಳ ಮ್ಯಾಲೆ ಮನಗಿಸ್ಕೊಂಡು ಬಲಗೈ ಒಂದ್ರಾಗೇ ಸುಲೀತಿದ್ದೆ ಕಣೇ. ಎಡಗೈ ಅಲ್ಲಾಡ್ದಂಗೆ" ಎಂದೆ. ಮೊಮ್ಮಗಳು ಬರೆಯುವುದನ್ನು ನಿಲ್ಲಿಸಿ ನನ್ನ ಎಡಗೈ ನೋಡಿದಳು. ನಾನೂ ನೋಡಿದೆ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಈಗ ಕಾಯಿ ಎಲ್ಲವೂ ಸುಲಿಯುವ ಮಿಷನ್ನಿಗೆ ಹೋಗುತ್ತದೆ. ನನ್ನ ಜೊತೆ ಸುಲಿಯುತ್ತಿದ್ದವರಲ್ಲಿ ಒಬ್ಬಳು ತೀರಿಕೊಂಡಳು, ಒಬ್ಬಳು ಸಿರಾದ ಮಗಳ ಮನೆ ಸೇರಿದಳು, ಎದುರು ಮನೆಯವಳಿಗೆ ಟಿವಿ ಇದೆ. ಕಾಯಿಲೆಯಾದ ಮೇಲೆ ನನ್ನ ಜಗಲಿಗೆ ಬಂದು ಕೂರುವವರಿಲ್ಲ. ಅಂಟುವ ರೋಗವಲ್ಲ ಎಂದು ಅವರಿಗೂ ಗೊತ್ತು. ಆದರೂ ನಿಂತುಕೊಂಡೇ ಮಾತಾಡಿಸಿ ಹೋಗುತ್ತಾರೆ.

ಮೊಮ್ಮಗಳು ಎರಡು ವಾರ ಬಿಟ್ಟು ಡಬ್ಬ ತಂದಳು. ಕಟ್ಟಿದಳು. ನಾನು "ಅಯ್ಯೋ ನನ್ನವ್ವನೇ!" ಎಂದು ಕೂಗಿಬಿಟ್ಟೆ. ಕೆಮ್ಮಣ್ಣು ಸಾರಿಸಿದ ಜಗಲಿ, ಬೇವಿನ ಮರದ ನೆರಳು ನೆಲದ ಮೇಲೆ ಅಲ್ಲಾಡುತ್ತಿದೆ, ಸಿಪ್ಪೆ ಕೆದಕುವ ಕೋಳಿ, ಏಳು ಜನ ಹೆಂಗಸರು ಮೊರ ಮುಂದಿಟ್ಟುಕೊಂಡು ಚಟ್ ಚಟ್ ಎನ್ನಿಸುತ್ತಿದ್ದಾರೆ. ನನ್ನ ಕೂಸು ಕಟ್ಟಿದ್ದು! ಕಂಪ್ಯೂಟರಿನೊಳಗೆ ಒಂದೊಂದೇ ಎಲೆ ಕೂರಿಸಿದ್ದಂತೆ. ಆದರೆ ಸ್ವಲ್ಪ ಹೊತ್ತಾಯಿತು ನೋಡಿ, ಅವರು ಸುಲಿಯುತ್ತಲೇ ಇದ್ದಾರೆ. ನಾನು ಬಂದಿದ್ದೇನೆ, ಒಬ್ಬಳೂ ಅಲುಗಲಿಲ್ಲ. ಸತ್ತು ದೆವ್ವವಾಗಿ ನಮ್ಮ ಕೇರಿಗೇ ವಾಪಸು ಬಂದಿದ್ದೇನೆ, ಯಾರ ಕಣ್ಣಿಗೂ ಕಾಣುತ್ತಿಲ್ಲ ಅನ್ನಿಸಿತು. ಡಬ್ಬ ಕಿತ್ತು ಮಡಿಲಿಗೆ ಹಾಕಿಕೊಂಡೆ.

"ಬೊಂಬೆಗಳು ಅಜ್ಜಿ ಅವು" ಎಂದಳು.

"ಬೊಂಬೆಯಾದ್ರೇನು, ಬಂದೋಳಿಗೆ ಒಂಚೂರು ಸರೀಬಾರ್ದಾ? ಕೂತ್ಕೋ ಅಂತ ಬಾಯಾಗೆ ಯಾರೂ ಯೋಳಲ್ಲ ಕಣಮ್ಮ. ಸರೀತಾರೆ. ಅಷ್ಟೇಯ."

ಮತ್ತೆ ಬರೆದುಕೊಂಡಳು. ಮುಂದಿನ ಭಾನುವಾರ ಮತ್ತೆ ಕಟ್ಟಿದಳು. ಈ ಸಲ ಕೊನೆಯಲ್ಲಿ ಕೂತವಳು ನನ್ನ ಕಡೆ ನೋಡಿದಳು, ಸೆರಗನ್ನು ಒಳಕ್ಕೆ ಎಳೆದುಕೊಂಡಳು, ಮೊರವನ್ನೂ ತನ್ನ ಕಡೆಗೆ ಎಳೆದುಕೊಂಡಳು, ಒಂದು ಮೊಳ ಸರಿದಳು.

 ಡಬ್ಬ ತೆಗೆದು ಪಕ್ಕಕ್ಕಿಟ್ಟೆ.

"ಸರಿದ್ಲಲ್ಲ ಅಜ್ಜಿ! ಇನ್ನೇನಾಯ್ತು?"

ಎರಡು ಗುಟುಕು ನೀರು ಕುಡಿದೆ. ದಿನಕ್ಕೆ ಅಳೆದುಕೊಟ್ಟ ನೀರು, ಆದರೂ ಕುಡಿದೆ. ಆಮೇಲೆ ಅವಳಿಗೆ ಹೇಳಿದೆ. ನನ್ನ ಮಗಳಿಗೂ ಹೇಳದೇ ಇದ್ದದ್ದು.

ನಾನು ಹುಡುಗಿಯಾಗಿದ್ದಾಗ ಅವ್ವನ ಜೊತೆ ಊರಿನ ದೊಡ್ಡ ಮನೆಗೆ ಸುಲಿಯುವ ಕೂಲಿಗೆ ಹೋಗುತ್ತಿದ್ದೆ. ಊರೊಳಗಿನ ಹೆಂಗಸರು ಜಗಲಿಯ ಮೇಲೆ. ನಮ್ಮ ಕೇರಿಯವರು ಕೆಳಗೆ ಅಂಗಳದಲ್ಲಿ. ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದಾಗ ನೆರಳು ಜಗಲಿಯ ಅಂಚಿಗೆ ಅಂಟಿಕೊಳ್ಳುತ್ತಿತ್ತು. ಒಂದು ದಿನ ಅವ್ವ ಆ ನೆರಳಿಗೆಂದು ಸ್ವಲ್ಪ ಮುಂದೆ ಜರುಗಿದಳು. ಅಂಚಿನಲ್ಲಿ ಕೂತಿದ್ದವಳು ಸೆರಗು ಒಳಕ್ಕೆ ಎಳೆದುಕೊಂಡಳು, ಮೊರ ಎಳೆದುಕೊಂಡಳು, ಒಂದು ಮೊಳ ಸರಿದಳು. ಬೈಯಲಿಲ್ಲ. ಒಂದು ಮಾತೂ ಆಡಲಿಲ್ಲ. ಅವ್ವ ಮತ್ತೆ ಬಿಸಿಲಿಗೆ ಹೋಗಿ ಕೂತಳು. ನಾನೂ ಹೋದೆ.

ಮೊಮ್ಮಗಳು ಪುಸ್ತಕ ಮುಚ್ಚಿಟ್ಟಳು. "ನಂಗೆ ಗೊತ್ತೇ ಇರ್ಲಿಲ್ಲ ಅಜ್ಜಿ."

"ಗೊತ್ತಿಲ್ದೇ ಬೆಳೀಲಿ ಅಂತಲೇ ಯೋಳಿರ್ಲಿಲ್ಲ."

"ಎರಡೂ ಸರಿಯೋದೇ ಅಲ್ವಾ? ಮತ್ತೆ ಜಾಗ ಕೊಡೋಕೆ ಸರಿದಿದ್ದು ಅಂತ ಹೆಂಗೆ ಗೊತ್ತಾಗುತ್ತೆ?"

"ಕೈ ನೋಡ್ಬೇಕು ಕಣೇ."

ನೆಲಕ್ಕೆ ಕೂತು ತೋರಿಸಿದೆ. ದೂರ ಸರಿಯುವವಳ ಕೈ ತನ್ನ ಕಡೆಗೇ ಹೋಗುತ್ತದೆ. ಜಾಗ ಕೊಡುವವಳ ಕೈ ಆಚೆಗೆ ಬರುತ್ತದೆ. ಸಿಪ್ಪೆ ಬಿದ್ದಿರುತ್ತದಲ್ಲ, ಅಂಗೈಯಲ್ಲಿ ನೆಲವನ್ನು ಎರಡು ಸಲ ಒರೆಸುತ್ತಾಳೆ, ಆಮೇಲೆ ಒಂದು ಸಲ ತಟ್ಟುತ್ತಾಳೆ. ಕಣ್ಣು ಮೊರದ ಮೇಲೇ ಇರುತ್ತದೆ. ಕೈ ಮಾತ್ರ ಕರೆಯುತ್ತದೆ. ನಾನು ಮಾಡಿ ತೋರಿಸಿದರೆ ಅವಳು ಫೋನು ಹಿಡಿದುಕೊಂಡು, "ಇನ್ನೊಂದ್ ಸಲ ಅಜ್ಜಿ, ಈ ಕಡೆಯಿಂದ, ಇನ್ನೊಂದೇ ಸಲ." ಒರೆಸಿದೆ, ತಟ್ಟಿದೆ, ಒರೆಸಿದೆ. ಸೊಸೆ ಒಳಗಿನಿಂದ ಬಂದು ಬಾಗಿಲಿಗೆ ಒರಗಿದಳು. "ಬುಡ್ರತ್ತೆ, ಇವತ್ತು ನಂಗೆ ಕಸ ಗುಡ್ಸೋದು ತಪ್ತು" ಎಂದು ನಕ್ಕಳು. ನಮ್ಮ ಮನೆಯಲ್ಲಿ ಅಷ್ಟು ಜನ ಒಟ್ಟಿಗೆ ನಕ್ಕು ಎಷ್ಟು ದಿನವಾಗಿತ್ತೋ.

ಜಗಲಿ ಸಿದ್ಧವಾಯಿತು, ಬಲಗೈಗೆ ಕೆಲಸ ಬೇಕಲ್ಲ. ಕೈ ಖಾಲಿ ಇದ್ದರೆ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ. ಮಂಗಳವಾರ ಮೊಮ್ಮಗಳು ರಜೆ ಹಾಕಿ ಜೊತೆಗೆ ಬಂದಳು. ಡಾಕ್ಟರ ಒಪ್ಪಿಗೆಯನ್ನು ಮೊದಲೇ ಕೇಳಿ ಇಟ್ಟಿದ್ದಳು. ಆದರೆ ನನ್ನ ಚೀಲದಿಂದ ಕಡಲೆಕಾಯಿ ಹೊರಗೆ ಬಂದದ್ದೇ ಸಿಸ್ಟರು ಸೊಂಟಕ್ಕೆ ಕೈಯಿಟ್ಟರು.

"ಏನಜ್ಜಿ ಇದು, ಆಸ್ಪತ್ರೆನಾ ಸಂತೆನಾ? ಧೂಳು ಆಗುತ್ತೆ. ಅದೂ ಅಲ್ದೆ ಕಡ್ಲೇಕಾಯಿ ನೀವು ತಿನ್ನೋಂಗೇ ಇಲ್ಲ."

"ತಿನ್ನಲ್ಲ ಕಣವ್ವ, ಸುಲೀತೀನಿ."

"ಸುಲಿದೋರು ತಿನ್ನದೇ ಇರ್ತಾರಾ?"

"ನಮ್ಮವ್ವ ನಂಗೆ ಕಲಿಸಿರೋದೇ ಅದು, ಬಿತ್ತನೆ ಬೀಜ ಬಾಯಿಗೆ ಹಾಕ್ಬಾರ್ದು ಅಂತ."

ಕೊನೆಗೆ ಒಪ್ಪಂದವಾಯಿತು. ಕಾಯಿ ತೊಳೆದು ಒಣಗಿಸಿದ್ದಿರಬೇಕು, ಬಟ್ಟೆ ಚೀಲದೊಳಗೇ ಕೈಯಿಟ್ಟು ಸುಲಿಯಬೇಕು, ಒಂದು ಚೂರು ಸಿಪ್ಪೆಯೂ ಹೊರಗೆ ಬರಬಾರದು. ನನ್ನ ಮೊಮ್ಮಗಳು ಅಲ್ಲೇ ತನ್ನ ದುಪ್ಪಟ್ಟಾದ ಅಂಚಿನಿಂದ ಚೀಲದ ಬಾಯಿಯನ್ನು ನನ್ನ ಮಣಿಕಟ್ಟಿಗೆ ಕಟ್ಟಿದಳು. ಅವಳನ್ನು ಹೊರಗೆ ಕಳಿಸಿದರು. ಮಿಷನ್ನು ಗುರ್ ಎಂದಿತು. ಡಬ್ಬದೊಳಗೆ ಬೇವಿನ ನೆರಳು ಅಲ್ಲಾಡಿತು.

ಕೊನೆಯಲ್ಲಿ ಕೂತವಳು ತಲೆಯೆತ್ತಲಿಲ್ಲ. ಒಂದು ಮೊಳ ಸರಿದಳು. ಕೈಯನ್ನು ಆಚೆಗೆ ಚಾಚಿ ನೆಲವನ್ನು ಒರೆಸಿದಳು, ಇನ್ನೊಂದು ಸಲ ಒರೆಸಿದಳು, ತಟ್ಟಿದಳು.

ನಾನು ಕೂತೆ. ಮಲಗಿದ್ದೆ ಎಂದು ನೀವು ಹೇಳುತ್ತೀರಿ. ನಾನು ಕೂತಿದ್ದೆ.

ಸುಲಿದೆ. ಚಟ್. ಅವರದೂ ಚಟ್. ಒಂದೂವರೆ ಗಂಟೆಯ ಹೊತ್ತಿಗೆ ಅದು ಬಂತು, ಬರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಎದೆ ಒಂದೆರಡು ಸಲ ಡವಡವ ಎಂದಿತು. ಬಾಯಿ ಕೂಗಲು ತೆರೆಯಿತು. ಆದರೆ ಬೆರಳ ನಡುವೆ ಒಂದು ಕಾಯಿ ಅರ್ಧ ಬಿರಿದಿತ್ತು, ಅದನ್ನು ಮುಗಿಸಿ ಕೂಗೋಣ ಅಂದುಕೊಂಡೆ. ಆಮೇಲೆ ಇನ್ನೊಂದು ಕಾಯಿ ಕೈಗೆ ಬಂದಿತ್ತು.

ಮೂರನೇ ಗಂಟೆಯಲ್ಲಿ ಇರಬೇಕು. ಆ ಹೆಂಗಸು ಮತ್ತೊಂದು ಸಲ ಸಿಪ್ಪೆ ಒರೆಸಲು ಕೈ ಚಾಚಿದಳು. ಅವಳ ಕಿರುಬೆರಳು ನೆಲಕ್ಕೆ ತಾಗದೆ ಸೊಟ್ಟಗೆ ಮೇಲೆ ನಿಂತಿತ್ತು. ನನ್ನ ಕಿರುಬೆರಳು ಹಾಗೇ ಇದೆ. ಹಸುವಿನ ಹಗ್ಗ ಸುತ್ತಿಕೊಂಡು ಮುರಿದದ್ದು, ನೆಟ್ಟಗೆ ಕೂಡಲೇ ಇಲ್ಲ.

ಆಗ ತಿಳಿಯಿತು. ನನಗೆ ಜಾಗ ಕೊಟ್ಟದ್ದು ನನ್ನದೇ ಕೈ.

ಅಳು ಬಂತು. ಡಬ್ಬದೊಳಗೆ ಅತ್ತರೆ ಒರೆಸಿಕೊಳ್ಳಲಾಗದು, ಒಂದು ಕೈ ಮಿಷನ್ನಿಗೆ, ಇನ್ನೊಂದು ಚೀಲಕ್ಕೆ. ನನಗೆಂದು ಸರಿದು ಕೂರಲು ಈ ಭೂಮಿಯ ಮೇಲೆ ನಾನೊಬ್ಬಳೇ ಉಳಿದೆನಲ್ಲ ಎಂದು ಒಂದು ಗಳಿಗೆ ಅನ್ನಿಸಿತು, ನಿಜ. ಮರುಗಳಿಗೆಯೇ, ಆ ಕೂಸು ನನ್ನ ಸೊಟ್ಟ ಬೆರಳನ್ನೂ ಬಿಡದೆ ಗಮನಿಸಿದ್ದಾಳಲ್ಲ ಎಂದು ಹಿಗ್ಗು. ಹಿಗ್ಗು ಎಂದರೆ ಎಂಥದ್ದು, ಹೊಳೆ ಬಂದಂತೆ. ಸಿಸ್ಟರು ಬಂದು ತೋಳು ಮುಟ್ಟಿ, "ಅಜ್ಜಿ, ಮುಗೀತು. ನಾಲ್ಕು ಗಂಟೆ" ಎಂದಾಗ ನಾನೇ ನಂಬಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಮೊಮ್ಮಗಳಿಗೆ ನನ್ನ ಕಿರುಬೆರಳು ತೋರಿಸಿದೆ.

"ಮತ್ತೆ ಬೇರೆ ಯಾರ ಕೈ ಹಾಕ್ಲಿ ಅಜ್ಜಿ?" ಎಂದಳು. ಅಷ್ಟೇ. ನನ್ನನ್ನು ಬಸ್ಸು ಹತ್ತಿಸಿ ತುಮಕೂರಿಗೆ ಹೋದಳು. ಡಬ್ಬವನ್ನು ಸಿಸ್ಟರ ಹತ್ತಿರ ಬಿಟ್ಟಿದ್ದಳು.

ಶುಕ್ರವಾರ ಒಬ್ಬಳೇ ಹೋದೆ. ಪರದೆಯ ಆಚೆಯಿಂದ ದನಿ ಬಂತು.

"ಅಕ್ಕಾ, ಮೊನ್ನೆ ಏಂದಿ, ಕೂಗ್ಲೇ ಇಲ್ಲ? ನಾನು ಚಚ್ಚಿಪೋಯಾವೇನೋ, ಸತ್ತೇ ಹೋದೆಯೇನೋ ಅನ್ಕೊಂಡೆ."

"ನಿಂಗೆ ಬಿಪಿ ಏರ್ಬಾರ್ದಲ್ಲ, ಅದಕ್ಕೇ ಸುಮ್ಕಿದ್ದೆ."

 ಆಮೇಲೆ ಮೆಲ್ಲಗೆ, "ನಂಗೂ ಭಯಮೇ ಅಕ್ಕಾ. ನೀ ಕೂಗ್ತಿದ್ದೆ, ನಾನು ಕೂಗಲ್ಲ, ಅಷ್ಟೇ ತೇಡಾ, ಅಷ್ಟೇ ವ್ಯತ್ಯಾಸ" ಎಂದ.

ವರ್ಷವಾಗಿತ್ತು ಒಂದು ಬಟ್ಟೆಯ ಆಚೆ ಈಚೆ ಮಲಗಿ. ಸಿಸ್ಟರನ್ನು ಕರೆದು, ಡಬ್ಬ ಅವನಿಗೆ ಕಟ್ಟಿ ಎಂದೆ. ಅರ್ಧ ಕಾಯಿ ಬೇರೆ ಚೀಲಕ್ಕೆ ಹಾಕಿಸಿ ಕೊಟ್ಟೆ. ಒಂದು ಗಂಟೆ ಆದಮೇಲೆ ಡಬ್ಬ ವಾಪಸು ತೆಗೆದುಕೊಳ್ಳುವ ಲೆಕ್ಕ.

"ಅಕ್ಕಾ, ಇಲ್ಲೊಬ್ಳು ಮುಸಲಮ್ಮ, ಮುದುಕಿ, ನೆಲ ಒರೆಸ್ತಾ ಅವ್ಳೆ."

"ಕೂತ್ಕೋ ಅಂತಾವ್ಳೆ ಕಣಣ್ಣ."

"ಎವರಂಟ ಆಯಮ್ಮ? ಯಾವೂರೋಳು?"

ನನ್ನ ನಾಲಿಗೆ ತುದಿಗೆ ಬಂದಿತ್ತು. ಅವನು ಯಾವ ಕೇರಿಯವನೋ ನನಗೆ ಗೊತ್ತಿಲ್ಲ, ನಾನು ಯಾವ ಕೇರಿಯವಳೋ ಅವನಿಗೆ ಗೊತ್ತಿಲ್ಲ. "ಯಾರಾದ್ರೇನು, ಕೂತ್ಕಳಣ್ಣ" ಎಂದೆ.

"ಕೂರ್ಚುಂಟಾ ಬುಡು" ಎಂದ.

ಆಚೆಯಿಂದ ಚಟ್ ಎಂದು ಕೇಳಿತು. ತಪ್ಪು ಚಟ್ಟು, ಬೀಜ ಹೋಳಾದ ಸದ್ದು. "ಹೊಟ್ಟೆ ಒತ್ಬ್ಯಾಡ, ಮೂತಿ ಒತ್ತಣ್ಣ" ಎಂದೆ. ಮತ್ತೆ ಚಟ್. ಒಂದು ಗಂಟೆಯಾಯಿತು, ಎರಡಾಯಿತು. ಡಬ್ಬ ಕೇಳಲು ಮನಸ್ಸಾಗಲಿಲ್ಲ. ನನಗೆ ಮೇಲೆ ಫ್ಯಾನು, ಪಕ್ಕದಲ್ಲಿ ಹಸಿರು ಪರದೆ. ಹೆದರಿಕೆ ಎಲ್ಲೋ ಬಾಗಿಲ ಹತ್ತಿರ ಬಂದು ನಿಂತಿತ್ತು. ಆಚೆಯಿಂದ ಒಂದು ಚಟ್ ಬಂದರೆ ಈಚೆಯಿಂದ ನಾನೊಂದು ಕಳಿಸುತ್ತಿದ್ದೆ. ಹಾಗೇ ನಾಲ್ಕು ಗಂಟೆ ಮುಗಿಯಿತು.

ಹೊರಡುವಾಗ ಅವನು ತನ್ನ ಚೀಲವನ್ನೂ ನನಗೇ ಕೊಟ್ಟ. ಬಸ್ಸಿಳಿದು ಮನೆಗೆ ಬಂದರೆ ಬೀಗ. ಮಗ ಸೊಸೆ ಬರಲು ಇನ್ನೂ ಹೊತ್ತಿತ್ತು. ಜಗಲಿಯ ಮೇಲೆ ಮೊರ ಇಟ್ಟು ಎರಡೂ ಚೀಲ ಸುರಿದೆ. ನನ್ನವು ಇಡೀ ಬೀಜ, ಅವನವು ಬರೀ ಹೋಳು. ಹೋಳನ್ನು ಸೊಸೆ ಚಟ್ನಿಗೆ ಹಾಕಲಿ ಎಂದು ಒಂದು ಕಡೆ, ಬಿತ್ತನೆಗೆ ಆಗುವುದನ್ನು ಇನ್ನೊಂದು ಕಡೆ ಆರಿಸಲು ಕೂತೆ. ಅವನ ರಾಶಿಯಲ್ಲಿ, ಕೊನೆಕೊನೆಗೆ ಸುಲಿದವಿರಬೇಕು, ಒಂಬತ್ತು ಇಡೀ ಬೀಜ ಸಿಕ್ಕವು. ಬಿತ್ತನೆಯ ಕಡೆಗೆ ಹಾಕಿದೆ.